ಚುರುಕು ಮಗುವಿಗೆ ಯಾವ ಶಾಲೆ?

ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿ. ತಂದೆ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತರು, ತಾಯಿ ಅಂಗನವಾಡಿ ಕಾರ್ಯಕರ್ತೆ, ಮನೆಯಲ್ಲಿ ಜೊತೆಗೊಬ್ಬ ಅಜ್ಜಿ. ಒಬ್ಬಳೇ ಮಗಳು. ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿ. ಲೆಕ್ಕ ಕೊಟ್ಟರೆ ಉಳಿದ ಮಕ್ಕಳು ಪುಸ್ತಕ ತೆರೆಯುವಷ್ಟರಲ್ಲಿ ಇವಳ ಉತ್ತರ ಸಿದ್ಧ. ಆಮೇಲೆ ಅರ್ಧ ಗಂಟೆ ಮಾಡಲು ಕೆಲಸವಿಲ್ಲ. ಪಕ್ಕದವಳ ಜಡೆ ಎಳೆಯುತ್ತಾಳೆ, ಕಿಟಕಿಯಾಚೆ ನೋಡುತ್ತಾಳೆ, ಕೇಳದ ಪ್ರಶ್ನೆಗೂ ಉತ್ತರ ಹೇಳುತ್ತಾಳೆ. ಶಾಲೆಯಿಂದ ತಂದೆಗೆ ಬಂದ ದೂರು ಒಂದೇ ಸಾಲಿನದು: ಪಾಠದ ಕಡೆ ಗಮನವಿಲ್ಲ.

ಒಂದು ಸಂಜೆ ಅವಳು ಸೊಸೈಟಿಯವರು ಕೊಟ್ಟ ಗೋಡೆ ಕ್ಯಾಲೆಂಡರನ್ನು ಕೆಳಗಿಳಿಸಿಕೊಂಡು ಕೂತಿದ್ದಳು. ನಾಲ್ಕನೇ ತಿಂಗಳ ನಾಲ್ಕನೇ ತಾರೀಖು ಯಾವ ವಾರವೋ ಆರನೇ ತಿಂಗಳ ಆರನೇ ತಾರೀಖೂ ಅದೇ ವಾರ. ಎಂಟರ ಎಂಟು, ಹತ್ತರ ಹತ್ತು, ಹನ್ನೆರಡರ ಹನ್ನೆರಡು, ಎಲ್ಲವೂ ಅದೇ ವಾರ! ಓದುಗರು ಮನೆಯ ಕ್ಯಾಲೆಂಡರ್ ತೆಗೆದು ನೋಡಬಹುದು. ಯಾವ ವರ್ಷದ್ದಾದರೂ ಸರಿ, ಇದು ತಪ್ಪುವುದಿಲ್ಲ. ಮರುದಿನ ಅವಳು ಇದನ್ನು ಶಾಲೆಯಲ್ಲಿ ಹೇಳಿದಳು. ನಾಲ್ಕನೇ ತರಗತಿಯನ್ನೂ ಐದನೇ ತರಗತಿಯನ್ನೂ ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಹಾಲಿನ ಲೆಕ್ಕ ಮೊಟ್ಟೆಯ ಲೆಕ್ಕಗಳ ನಡುವೆ ಪಾಠ ಮಾಡುತ್ತಿದ್ದ ಮೇಷ್ಟ್ರು, "ಆಮೇಲೆ ನೋಡೋಣ, ಈಗ ಕೂತ್ಕೋ" ಎಂದರು. ಅವರು ಒಳ್ಳೆಯವರೇ. ಆದರೆ ಆ 'ಆಮೇಲೆ' ಬರಲಿಲ್ಲ.

ಬಂದಿದ್ದರೆ ಅಲ್ಲಿ ಒಂದು ಸೊಗಸಾದ ಪಾಠವಿತ್ತು. ಏಪ್ರಿಲ್ 4ರಿಂದ ಜೂನ್ 6ಕ್ಕೆ ಎಷ್ಟು ದಿನ? ಏಪ್ರಿಲ್ ಮತ್ತು ಮೇ ಎರಡೂ ಸೇರಿ 61 ದಿನ, ತಾರೀಖು ನಾಲ್ಕರಿಂದ ಆರಕ್ಕೆ ಹೋದದ್ದರಿಂದ ಇನ್ನೆರಡು, ಒಟ್ಟು 63. ಅಂದರೆ ಸರಿಯಾಗಿ ಒಂಬತ್ತು ವಾರ. ಜೂನ್ ಮತ್ತು ಜುಲೈ, ಆಗಸ್ಟ್ ಮತ್ತು ಸೆಪ್ಟೆಂಬರ್, ಅಕ್ಟೋಬರ್ ಮತ್ತು ನವೆಂಬರ್ ಜೋಡಿಗಳೂ 61 ದಿನದವೇ. ಹಾಗಿದ್ದರೆ ಏಳರ ಏಳಕ್ಕೂ ಒಂಬತ್ತರ ಒಂಬತ್ತಕ್ಕೂ ಇದು ಏಕೆ ಹೊಂದುವುದಿಲ್ಲ? ಜುಲೈ, ಆಗಸ್ಟ್ ಎರಡಕ್ಕೂ 31 ದಿನ. ಒಂದು ದಿನ ಹೆಚ್ಚಾಗಿಬಿಡುತ್ತದೆ. ಐದನೇ ತರಗತಿಯ ಕೂಡುವ ಲೆಕ್ಕ, ಭಾಗಾಕಾರ ಬಿಟ್ಟು ಇದಕ್ಕೆ ಬೇರೇನೂ ಬೇಡ.

ಆ ಮನೆಯಲ್ಲಿ ಆ ವರ್ಷ ನಡೆದ ಚರ್ಚೆ ಬೇರೆಯದು. ಆರನೇ ತರಗತಿಗೆ ಮಗಳನ್ನು ಎಲ್ಲಿಗೆ ಕಳಿಸುವುದು? ತಾಯಿಯ ಆಸೆ ನವೋದಯ. ಬೆಂಗಳೂರಿನಲ್ಲಿರುವ ಸೋದರಮಾವ ಫೋನಿನಲ್ಲಿ ಹೇಳಿದ್ದು, "ನಮ್ಮ ಮನೇಲಿಟ್ಟುಕೊಂಡು ಇಂಗ್ಲಿಷ್ ಮೀಡಿಯಂಗೆ ಸೇರಿಸ್ತೀನಿ, ಅಲ್ಲಿ ಇದ್ದರೆ ಹಾಳಾಗ್ತಾಳೆ ಅಕ್ಕಾ." ಪಕ್ಕದ ಮನೆಯವರ ಸಲಹೆ ತಾಲ್ಲೂಕು ಕೇಂದ್ರದ ಕೋಚಿಂಗ್. ಅಜ್ಜಿಯದು ಮಾತ್ರ ಒಂದೇ ಮಾತು: "ಹತ್ತು ವರ್ಷದ ಕೂಸನ್ನ ಬಿಟ್ಟಿರೋಕಾಗುತ್ತೇನೋ?" ತಂದೆ ಯಾರಿಗೂ ಉತ್ತರ ಹೇಳದೆ ರಾತ್ರಿಯೆಲ್ಲ ಹೊರಳಾಡಿದರು. ಇಂಥ ಮನೆಗಳು ನಾಡಿನಲ್ಲಿ ನೂರಾರಿವೆ. ಮಗು ದಡ್ಡ ಎಂದಾದರೆ ಏನು ಮಾಡಬೇಕೆಂದು ಹೇಳುವವರು ಹತ್ತು ಜನ ಸಿಗುತ್ತಾರೆ. ಮಗು ತೀರಾ ಚುರುಕು ಎಂದಾದರೆ, "ಅದಕ್ಕೇನ್ರೀ ಚಿಂತೆ, ನಿಮ್ಮ ಅದೃಷ್ಟ" ಎಂದು ಎದ್ದು ಹೋಗುತ್ತಾರೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ನೂರಕ್ಕೆ ತೊಂಬತ್ತೈದು ತೆಗೆಯುವ ಮಗುವೆಲ್ಲ ಅಸಾಧಾರಣ ಪ್ರತಿಭೆಯ ಮಗುವಲ್ಲ. ಅಸಾಧಾರಣ ಪ್ರತಿಭೆಯ ಮಗುವೆಲ್ಲ ತೊಂಬತ್ತೈದು ತೆಗೆಯುವುದೂ ಇಲ್ಲ. ಹೇಳಿದ್ದನ್ನು ಅಚ್ಚುಕಟ್ಟಾಗಿ ಕಲಿತು ಒಪ್ಪಿಸುವುದು ಒಂದು ಗುಣ, ಒಳ್ಳೆಯ ಗುಣವೇ. ಹೇಳದೆ ಇದ್ದದ್ದನ್ನು ತಾನಾಗಿ ಹುಡುಕಿಕೊಂಡು ಹೋಗುವುದು ಇನ್ನೊಂದು. ಅಮೆರಿಕದ ಶಿಕ್ಷಣ ತಜ್ಞ ಜೋಸೆಫ್ ರೆನ್‌ಜುಲಿ 1978ರಲ್ಲಿ ಮೂರು ಉಂಗುರಗಳ ಚಿತ್ರ ಬರೆದು ಇದನ್ನು ವಿವರಿಸಿದರು: ಸಾಮಾನ್ಯಕ್ಕಿಂತ ಮೇಲಿನ ಬುದ್ಧಿಶಕ್ತಿ, ಹೊಸದಾಗಿ ಯೋಚಿಸುವ ಶಕ್ತಿ, ಹಿಡಿದ ಕೆಲಸ ಬಿಡದ ಹಟ. ಮೂರೂ ಉಂಗುರಗಳು ಕೂಡುವ ಜಾಗದಲ್ಲಿ ಪ್ರತಿಭೆ ಇದೆ ಎಂದು ಅವರ ವಾದ. ಪರೀಕ್ಷೆಯ ಅಂಕ ಮೊದಲನೇ ಉಂಗುರವನ್ನು ಸ್ವಲ್ಪ ಮಟ್ಟಿಗೆ ಅಳೆಯುತ್ತದೆ, ಉಳಿದೆರಡನ್ನು ಬಹುಮಟ್ಟಿಗೆ ಕೈಬಿಡುತ್ತದೆ.

ಶ್ರೀನಿವಾಸ ರಾಮಾನುಜನ್ 1897ರಲ್ಲಿ ಪ್ರಾಥಮಿಕ ಪರೀಕ್ಷೆಯಲ್ಲಿ ಜಿಲ್ಲೆಗೇ ಮೊದಲಿಗರು. ಕೆಲವೇ ವರ್ಷಗಳ ನಂತರ ಕುಂಭಕೋಣದ ಸರ್ಕಾರಿ ಕಾಲೇಜಿನಲ್ಲಿ ಇಂಗ್ಲಿಷ್ ವಿಷಯದಲ್ಲಿ ನಪಾಸಾಗಿ ವಿದ್ಯಾರ್ಥಿವೇತನವನ್ನೇ ಕಳೆದುಕೊಂಡರು. ಅದೇ ಹುಡುಗ, ಅದೇ ತಲೆ. ಗಣಿತ ಬಿಟ್ಟು ಬೇರೆ ಏನೂ ಅವರಿಗೆ ಬೇಡವಾಗಿತ್ತು. ಇನ್ನೊಂದು ಪ್ರಸಂಗ ಕ್ಯಾಲಿಫೋರ್ನಿಯದ್ದು. ಮನಶ್ಶಾಸ್ತ್ರಜ್ಞ ಲೂಯಿ ಟರ್ಮನ್ 1921ರಲ್ಲಿ ಬುದ್ಧಿಮತ್ತೆಯ ಪರೀಕ್ಷೆ ನಡೆಸಿ ಸಾವಿರಕ್ಕೂ ಹೆಚ್ಚು ಪ್ರತಿಭಾವಂತ ಮಕ್ಕಳನ್ನು ಆರಿಸಿ, ಅವರ ಬದುಕನ್ನು ದಶಕಗಳ ಕಾಲ ಅಭ್ಯಾಸ ಮಾಡಿದರು. ಆ ಆಯ್ಕೆಯಲ್ಲಿ ಉತ್ತೀರ್ಣರಾಗದೆ ಹೊರಗುಳಿದವರಲ್ಲಿ ಇಬ್ಬರು ಹುಡುಗರ ಹೆಸರು ವಿಲಿಯಂ ಶಾಕ್ಲಿ ಮತ್ತು ಲೂಯಿ ಆಲ್ವಾರೆಜ್. ಶಾಕ್ಲಿಗೆ 1956ರಲ್ಲೂ ಆಲ್ವಾರೆಜ್‌ಗೆ 1968ರಲ್ಲೂ ಭೌತವಿಜ್ಞಾನದ ನೊಬೆಲ್ ಬಂತು. ಆರಿಸಿಕೊಂಡ ಮಕ್ಕಳಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ! ಆಯ್ಕೆ ಪರೀಕ್ಷೆಯ ಪಟ್ಟಿಯನ್ನು ಬ್ರಹ್ಮಲಿಪಿ ಎಂದು ತಿಳಿಯುವ ತಂದೆತಾಯಂದಿರು ಈ ಸಂಗತಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೂ ತಪ್ಪಿಲ್ಲ.

ಇನ್ನು ಶಾಲೆಗಳ ವಿಚಾರ. ಹಳ್ಳಿಯ ಜಾಣ ಮಗುವಿಗಾಗಿಯೇ ಹುಟ್ಟಿದ ಶಾಲೆ ಎಂದರೆ ಜವಾಹರ್ ನವೋದಯ ವಿದ್ಯಾಲಯ. 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಎರಡು ಶಾಲೆಗಳಾಗಿ ಶುರುವಾಗಿ, 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆಂಬಲದಿಂದ ಜಿಲ್ಲೆಗೊಂದರಂತೆ ಬೆಳೆಯಿತು. ತಮಿಳುನಾಡು ಮಾತ್ರ ಇದನ್ನು ಒಪ್ಪಿಕೊಂಡಿಲ್ಲ. ನಮ್ಮಲ್ಲಿ ಗಾಜನೂರು, ಬಾಳೆಹೊನ್ನೂರು, ಗಾಳಿಬೀಡು, ಮುಡಿಪು, ಕುಕನೂರು, ಹೊಂಡರಬಾಳು ಎಂಬ ಊರುಗಳ ಹೆಸರು ಅನೇಕ ಮನೆಗಳಲ್ಲಿ ಶಾಲೆಯ ಹೆಸರಾಗಿಯೇ ಓಡಾಡುತ್ತದೆ. ಆರನೇ ತರಗತಿಗೆ ಒಂದು ಶಾಲೆಗೆ ಹೆಚ್ಚೆಂದರೆ 80 ಮಕ್ಕಳು. ಶೇಕಡಾ 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ, ಮೂರರಲ್ಲಿ ಒಂದು ಪಾಲಾದರೂ ಹೆಣ್ಣುಮಕ್ಕಳಿಗೆ. ಗ್ರಾಮೀಣ ಸೀಟು ಬೇಕಾದರೆ ಮೂರು, ನಾಲ್ಕು, ಐದನೇ ತರಗತಿಗಳನ್ನು ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಮಗುವನ್ನು ನಾಲ್ಕನೇ ತರಗತಿಗೆ ಪಟ್ಟಣಕ್ಕೆ ಸಾಗಿಸಿ, ಆಮೇಲೆ ನವೋದಯದ ಅರ್ಜಿ ಹಿಡಿದು ಬರುವವರು ಇಲ್ಲಿ ಎಡವುತ್ತಾರೆ.

ಪರೀಕ್ಷೆ ಎರಡು ಗಂಟೆಯದು, 80 ಪ್ರಶ್ನೆ, 100 ಅಂಕ. ಅದರಲ್ಲಿ ಅರ್ಧದಷ್ಟು, ಅಂದರೆ 40 ಪ್ರಶ್ನೆಗೆ 50 ಅಂಕ, ಮಾನಸಿಕ ಸಾಮರ್ಥ್ಯಕ್ಕೆ: ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಮುಂದಿನ ಆಕೃತಿ ಯಾವುದು ಎಂಬ ಬಗೆಯವು. ಗಣಿತಕ್ಕೆ 20 ಪ್ರಶ್ನೆ, ಭಾಷೆಗೆ 20 ಪ್ರಶ್ನೆ. ಕನ್ನಡದಲ್ಲೇ ಬರೆಯಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು ಎಂದು ಮಗುವಿಗೆ ಹೇಳಿಕೊಡುವುದು ಕೋಚಿಂಗ್ ಅಲ್ಲ, ವಿವೇಕ. ಮತ್ತು ಮುಖ್ಯವಾದ ನಿಯಮ: ಈ ಪರೀಕ್ಷೆಗೆ ಒಂದೇ ಅವಕಾಶ. ಎರಡನೇ ಸಲ ಕೂರುವಂತಿಲ್ಲ.

ಸೇರಿದ ಮೇಲೆ ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲ ಉಚಿತ. ಮೊದಲೆರಡು ಮೂರು ವರ್ಷ ಕನ್ನಡದಲ್ಲಿ ಪಾಠ ಕೇಳುವ ಅನುಕೂಲವಿದ್ದು, ಆಮೇಲೆ ಗಣಿತ, ವಿಜ್ಞಾನ ಇಂಗ್ಲಿಷಿಗೆ ತಿರುಗುತ್ತವೆ. ಒಂಬತ್ತನೇ ತರಗತಿಯಲ್ಲಿ ಶೇಕಡಾ 30ರಷ್ಟು ಮಕ್ಕಳು ಒಂದು ವರ್ಷ ಹಿಂದಿ ನಾಡಿನ ನವೋದಯಕ್ಕೆ ಹೋಗುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ಜೋಳದ ರೊಟ್ಟಿ, ಮುದ್ದೆ ಬಿಟ್ಟು ಹೋದ ಹುಡುಗರು ಒಂದು ವರ್ಷದಲ್ಲಿ ಭೋಜಪುರಿ ಹಾಡು ಗುನುಗುತ್ತ ಬಂದರೆ ಅಚ್ಚರಿಯಿಲ್ಲ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಗಳಲ್ಲಿ ಇಷ್ಟು ಕೊಡುವವು ಕಡಿಮೆ.

ಆದರೂ ಎರಡು ಮಾತು ಹೇಳಲೇಬೇಕು. ಒಂದು, ವಸತಿ. ಹತ್ತು ವರ್ಷದ ಮಗು ತನ್ನ ಬಟ್ಟೆ ತಾನೇ ಒಗೆದುಕೊಂಡು, ಮೂವತ್ತು ಮಂದಿಯ ಕೋಣೆಯಲ್ಲಿ ಮಲಗಿ, ಜ್ವರ ಬಂದರೆ ಅಮ್ಮನಿಲ್ಲದೆ ಸುಧಾರಿಸಿಕೊಳ್ಳಬೇಕು. ಕೆಲವು ಮಕ್ಕಳು ಇದರಲ್ಲಿ ಹೂವಿನಂತೆ ಅರಳುತ್ತಾರೆ. ಕೆಲವರು ಒಳಗೊಳಗೇ ಬಾಡುತ್ತಾರೆ. ಬುದ್ಧಿ ಚುರುಕಿದ್ದ ಮಾತ್ರಕ್ಕೆ ಮನಸ್ಸಿಗೆ ವಯಸ್ಸು ಹೆಚ್ಚುವುದಿಲ್ಲ. ಭಿನ್ನರಾಶಿಯನ್ನು ನೀರು ಕುಡಿದಂತೆ ಬಿಡಿಸುವ ಮಗುವಿಗೂ ಕತ್ತಲೆ ಎಂದರೆ ಭಯವಿರಬಹುದು. ಅಜ್ಜಿಯ ಪ್ರಶ್ನೆಯನ್ನು ಹಳೆಗಾಲದವರ ಗೊಣಗಾಟ ಎಂದು ತಳ್ಳಿಹಾಕುವಂತಿಲ್ಲ. ಪರೀಕ್ಷೆಗೆ ಮೊದಲೇ ಒಂದೆರಡು ವಾರ ನೆಂಟರ ಮನೆಯಲ್ಲಿ ಬಿಟ್ಟು ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಎರಡನೆಯದು, ಊರಿಗೆಲ್ಲ ಮೊದಲಿಗಳಾಗಿದ್ದವಳು ಅಲ್ಲಿ ಎಂಬತ್ತು ಮಂದಿಯ ನಡುವೆ ನಲವತ್ತನೆಯವಳಾಗುವುದು. ಅಷ್ಟೇ ಸಾಮರ್ಥ್ಯದ ಮಕ್ಕಳು ಆಯ್ದವರ ಶಾಲೆಯಲ್ಲಿದ್ದಾಗ ತಮ್ಮನ್ನು ತಾವು ಕಡಿಮೆ ಎಂದು ಎಣಿಸಿಕೊಳ್ಳುತ್ತಾರೆ ಎಂಬುದನ್ನು ಆಸ್ಟ್ರೇಲಿಯದ ಹರ್ಬರ್ಟ್ ಮಾರ್ಷ್ 1980ರ ದಶಕದಿಂದ ಅನೇಕ ದೇಶಗಳ ಅಂಕಿ ಅಂಶಗಳಿಂದ ತೋರಿಸಿದ್ದಾರೆ. ಮೊದಲ ವರ್ಷದ ಅಂಕಪಟ್ಟಿ ನೋಡಿ, "ಏನಾಯ್ತು ನಿನಗೆ? ಇಲ್ಲಿದ್ದಾಗ ಫಸ್ಟ್ ಬರ್ತಿದ್ದೆಯಲ್ಲ" ಎನ್ನುವ ತಂದೆ ಆ ಗಾಯಕ್ಕೆ ಉಪ್ಪು ಸವರುತ್ತಾನೆ. ಅಲ್ಲಿ ನಲವತ್ತನೆಯ ಸ್ಥಾನದಲ್ಲಿ ಕಲಿತದ್ದು ಇಲ್ಲಿ ಮೊದಲ ಸ್ಥಾನದಲ್ಲಿ ಕಲಿಯುತ್ತಿದ್ದದ್ದಕ್ಕಿಂತ ಹೆಚ್ಚೇ ಇದ್ದೀತು. ಅದನ್ನು ಮಗುವಿಗೆ ಮೊದಲೇ ಹೇಳಿ ಕಳಿಸಬೇಕು.

ಆರನೇ ತರಗತಿಗೇ ಬಾಗಿಲು ತೆರೆಯುವ ಬೇರೆ ಶಾಲೆಗಳೂ ಇವೆ. ವಿಜಯಪುರದ ಸೈನಿಕ ಶಾಲೆ 1963ರದು, ಕೊಡಗಿನ ಕೂಡಿಗೆಯದು 2007ರದು. 2021-22ರಿಂದ ಹೆಣ್ಣುಮಕ್ಕಳಿಗೂ ಪ್ರವೇಶವಿದೆ. ಬೆಂಗಳೂರು, ಬೆಳಗಾವಿಗಳಲ್ಲಿ ರಾಷ್ಟ್ರೀಯ ಮಿಲಿಟರಿ ಶಾಲೆಗಳಿವೆ. ಇವುಗಳ ಗುರಿ ಸೈನ್ಯಕ್ಕೆ ಅಧಿಕಾರಿಗಳನ್ನು ತಯಾರು ಮಾಡುವುದು. ಮೈದಾನ, ಶಿಸ್ತು, ಕಹಳೆಗಳನ್ನು ಪ್ರೀತಿಸುವ ಮಗುವಿಗೆ ಒಳ್ಳೆಯ ಜಾಗ. ಮೂಲೆಯಲ್ಲಿ ಕೂತು ಯೋಚಿಸುವ ಮಗುವನ್ನು ಹೆಸರು ನೋಡಿ ಅಲ್ಲಿಗೆ ತಳ್ಳುವುದು ಸರಿಯಲ್ಲ. ರಾಜ್ಯ ಸರ್ಕಾರದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಹೆಣ್ಣುಮಕ್ಕಳ ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ಆರರಿಂದ ಹತ್ತನೇ ತರಗತಿಯವರೆಗೆ ಉಚಿತ. ಅವು ಪ್ರತಿಭೆಗಿಂತ ಹೆಚ್ಚಾಗಿ ಅವಕಾಶ ವಂಚಿತ ಕುಟುಂಬಗಳ ಮಕ್ಕಳನ್ನು ಕಣ್ಣಮುಂದಿಟ್ಟುಕೊಂಡು ಹುಟ್ಟಿದವು, ಆದರೆ ಪ್ರವೇಶಕ್ಕೆ ಪರೀಕ್ಷೆ ಇರುವುದರಿಂದ ಚುರುಕಾದ ಮಕ್ಕಳೇ ಅಲ್ಲಿ ಸೇರುತ್ತಾರೆ. ಮನೆಯಿಂದ ಹೋಗಿ ಬರುವಷ್ಟು ಹತ್ತಿರದಲ್ಲಿ ಆದರ್ಶ ವಿದ್ಯಾಲಯವಿದ್ದರೆ ಅದನ್ನೂ ನೋಡಬಹುದು. ಇಂಗ್ಲಿಷ್ ಮಾಧ್ಯಮ, ವಸತಿ ಇಲ್ಲ.

ಪ್ರತಿಭಾವಂತ ಮಕ್ಕಳಿಗೆಂದೇ ಪ್ರತ್ಯೇಕ ಶಾಲೆ ಕಟ್ಟಿ ನಡೆಸಿದ ಉದಾಹರಣೆ ಬೇಕಾದರೆ ಪಕ್ಕದ ಪುಣೆಗೆ ಹೋಗಬೇಕು. ಅಪ್ಪಾ ಪೆಂಡಸೆ ಎಂದು ಹೆಸರಾದ ವಿ.ವಿ. ಪೆಂಡಸೆಯವರು 1962ರಲ್ಲಿ ಜ್ಞಾನ ಪ್ರಬೋಧಿನಿ ಸ್ಥಾಪಿಸಿದರು. ಮೊದಲು ಬೇರೆ ಬೇರೆ ಶಾಲೆಗಳ ಜಾಣ ಮಕ್ಕಳನ್ನು ಶಾಲೆಯ ಸಮಯದ ಹೊರಗೆ ಸೇರಿಸಿ ಕಲಿಸಿದರು. ಆಮೇಲೆ 1969ರಲ್ಲಿ ಐದನೇ ತರಗತಿಯಿಂದ ಶುರುವಾಗುವ ಶಾಲೆಯನ್ನೇ ತೆರೆದರು. ಬುದ್ಧಿಶಕ್ತಿಯ ಪರೀಕ್ಷೆ ನಡೆಸಿ ಮಕ್ಕಳನ್ನು ಆರಿಸಿದರೂ, ಅಲ್ಲಿಯ ಒತ್ತು ಹಳ್ಳಿಗೆ ಹೋಗಿ ನೋಡುವುದು, ಸಮೀಕ್ಷೆ ಮಾಡುವುದು, ಕೈಯಿಂದ ಕೆಲಸ ಮಾಡುವುದರ ಮೇಲೆ. ಕನ್ನಡ ನಾಡಿನಲ್ಲಿ ಅಂಥದ್ದೊಂದು ಕನ್ನಡದ ಶಾಲೆ ಏಕೆ ಬೆಳೆಯಲಿಲ್ಲ ಎಂಬುದು ಬೇರೆಯೇ ಲೇಖನದ ವಸ್ತು.

ಈಗ ಕೋಚಿಂಗ್. ಐದನೇ ತರಗತಿಯ ಮಗುವನ್ನು ಶಾಲೆ ಬಿಡಿಸಿ, ವರ್ಷವಿಡೀ ಬೇರೆ ಊರಿನ ಹಾಸ್ಟೆಲಿನಲ್ಲಿಟ್ಟು, ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಮಾದರಿ ಪ್ರಶ್ನೆಪತ್ರಿಕೆ ಬಿಡಿಸುವ ವ್ಯಾಪಾರ ಇಂದು ತಾಲ್ಲೂಕು ಕೇಂದ್ರಗಳವರೆಗೂ ಬಂದಿದೆ. ನಾಲ್ಕಾರು ಹಳೆಯ ಪ್ರಶ್ನೆಪತ್ರಿಕೆ ಮಾಡಿ ನೋಡುವುದು ಬೇರೆ. ಅದರಿಂದ ಉತ್ತರದ ಹಾಳೆ ತುಂಬುವ ಅಂಜಿಕೆ ಹೋಗುತ್ತದೆ. ನಾಲ್ಕು ನೂರು ಪ್ರಶ್ನೆಪತ್ರಿಕೆ ಮಾಡಿಸುವುದರಿಂದ ಮಗು ಕಲಿಯುವುದು ಒಂದೇ: ಪ್ರಶ್ನೆ ಎಂದರೆ ಯಾರೋ ಕೊಡುವಂಥದ್ದು, ಅದರ ಉತ್ತರ ನಾಲ್ಕರಲ್ಲಿ ಒಂದು. ಕ್ಯಾಲೆಂಡರ್ ಇಳಿಸಿಕೊಂಡು ಕೂರುವ ಮಗುವಿಗೆ ಇದಕ್ಕಿಂತ ದೊಡ್ಡ ನಷ್ಟ ಬೇರೆ ಯಾವುದು? 'ಒಲಿಂಪಿಯಾಡ್' ಎಂಬ ಹೆಸರಿಟ್ಟುಕೊಂಡು ಒಂದನೇ ತರಗತಿಯಿಂದಲೇ ಶುಲ್ಕ ಪಡೆದು ನಡೆಯುವ ಖಾಸಗಿ ಪರೀಕ್ಷೆಗಳ ಪದಕಗಳಿಗೂ ಇದೇ ಮಾತು. ದೇಶದ ತಂಡವನ್ನು ಆರಿಸುವ ನಿಜವಾದ ಒಲಿಂಪಿಯಾಡ್ ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ನಡೆಸುವಂಥದ್ದು, ಅದು ಪ್ರೌಢಶಾಲೆಯ ಹಂತದ ಮಾತು.

"ಹಾಗಾದರೆ ಒಂದು ತರಗತಿ ಹಾರಿಸಿಬಿಡೋಣವೇ?" ಎಂದು ಕೇಳುವವರಿದ್ದಾರೆ. ಅಜ್ಜಂದಿರ ಕಾಲದಲ್ಲಿ ಡಬಲ್ ಪ್ರಮೋಷನ್ ಮಾಮೂಲಿಯಾಗಿತ್ತು. ಸಿ.ವಿ. ರಾಮನ್ ಹನ್ನೊಂದರ ಪ್ರಾಯದಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, 1904ರಲ್ಲಿ ಇನ್ನೂ ಹದಿನಾರರ ಹುಡುಗರಾಗಿದ್ದಾಗಲೇ ಬಿ.ಎ. ಪದವಿ ಪಡೆದರು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೂಲಿಯನ್ ಸ್ಟಾನ್ಲಿ 1971ರಲ್ಲಿ ಆರಂಭಿಸಿದ ದೀರ್ಘ ಅಧ್ಯಯನವೂ, ಗಣಿತದಲ್ಲಿ ಅಸಾಧಾರಣರಾದ ಮಕ್ಕಳನ್ನು ಬೇಗ ಮುಂದಕ್ಕೆ ಬಿಟ್ಟರೆ ಸಾಮಾನ್ಯವಾಗಿ ಕೆಡುಕಾಗುವುದಿಲ್ಲ ಎಂದೇ ತೋರಿಸಿದೆ. ಆದರೆ ಇಡೀ ಮಗುವನ್ನು ಎತ್ತಿ ಮುಂದಿನ ತರಗತಿಗೆ ಹಾಕುವುದಕ್ಕೂ, ಒಂದು ವಿಷಯವನ್ನು ಮಾತ್ರ ಮುಂದಕ್ಕೆ ಬಿಡುವುದಕ್ಕೂ ವ್ಯತ್ಯಾಸವಿದೆ.

ಇದನ್ನು ಚೆನ್ನಾಗಿ ಅರಿತವರು ಟೆರೆನ್ಸ್ ಟಾವೊ ಎಂಬ ಗಣಿತಜ್ಞನ ತಂದೆತಾಯಿ. 1975ರಲ್ಲಿ ಆಸ್ಟ್ರೇಲಿಯದ ಅಡಿಲೇಡಿನಲ್ಲಿ ಹುಟ್ಟಿದ ಹುಡುಗ. ತಂದೆ ಮಕ್ಕಳ ವೈದ್ಯರು, ತಾಯಿ ಗಣಿತ ಮತ್ತು ಭೌತವಿಜ್ಞಾನ ಕಲಿಸಿದವರು. ಮೂರೂವರೆ ವರ್ಷಕ್ಕೇ ಶಾಲೆಗೆ ಸೇರಿಸಿ ನೋಡಿದರು. ಲೆಕ್ಕ ಬರುತ್ತಿತ್ತು, ಆದರೆ ದೊಡ್ಡ ಮಕ್ಕಳ ನಡುವೆ ಅಷ್ಟು ಹೊತ್ತು ಕೂತಿರಲು ಆ ಪುಟ್ಟ ಮಗುವಿಗೆ ಆಗುತ್ತಿರಲಿಲ್ಲ. ಕೆಲವೇ ವಾರಗಳಲ್ಲಿ ಬಿಡಿಸಿ ಮನೆಗೆ ಕರೆತಂದರು! ತಪ್ಪನ್ನು ಒಪ್ಪಿಕೊಂಡು ಹಿಂದಕ್ಕೆ ಹೆಜ್ಜೆ ಇಡುವ ಪಾಲಕರು ಅಪರೂಪ. ಆಮೇಲೆ ಮತ್ತೆ ಶಾಲೆಗೆ ಸೇರಿದ ಮೇಲೆ ಬೇರೆ ಬೇರೆ ವಿಷಯಗಳಿಗೆ ಬೇರೆ ಬೇರೆ ತರಗತಿಯಲ್ಲಿ ಕೂರಿಸುವ ಏರ್ಪಾಡಾಯಿತು. ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಾಗಲೇ ಗಣಿತಕ್ಕೆ ಮಾತ್ರ ಪ್ರೌಢಶಾಲೆಗೆ ಹೋಗಿ ಬರುತ್ತಿದ್ದ. 1986ರಲ್ಲಿ ಹತ್ತರ ಪ್ರಾಯದಲ್ಲಿ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿನಲ್ಲಿ ಕಂಚು, 1987ರಲ್ಲಿ ಬೆಳ್ಳಿ, 1988ರಲ್ಲಿ ಚಿನ್ನ. ಅಷ್ಟಾದರೂ ಹುಡುಗನನ್ನು ತಕ್ಷಣ ವಿಶ್ವವಿದ್ಯಾಲಯಕ್ಕೆ ಪೂರ್ತಿಯಾಗಿ ಒಪ್ಪಿಸಲು ಮನೆಯವರು ಅವಸರ ಮಾಡಲಿಲ್ಲ. 2006ರಲ್ಲಿ ಗಣಿತದ ಅತಿ ದೊಡ್ಡ ಗೌರವವಾದ ಫೀಲ್ಡ್ಸ್ ಪದಕ ಆತನಿಗೆ ಬಂತು. ನಮ್ಮ ಮಗು ಟಾವೊ ಅಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಗಣಿತದ ಒಂದು ಗಂಟೆ ಮಾತ್ರ ಪಕ್ಕದ ಕೋಣೆಯಲ್ಲಿ ಕೂರಿಸುವುದಕ್ಕೆ ಅಡಿಲೇಡೇ ಆಗಬೇಕೆಂದಿಲ್ಲವಲ್ಲ! ಐದನೇ ತರಗತಿಯ ಮಗುವನ್ನು ಏಳನೇ ತರಗತಿಯ ಗಣಿತದ ಪೀರಿಯಡ್ಡಿಗೆ ಕೂರಿಸಲು ಮುಖ್ಯೋಪಾಧ್ಯಾಯರ ಒಪ್ಪಿಗೆ ಸಾಕು. ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಐದರಲ್ಲೇ ಇರಲಿ, ಆಟವೂ ಊಟವೂ ಓರಗೆಯವರ ಜೊತೆಗೇ ಇರಲಿ.

ಸರ್ಕಾರದ ಕಾಗದದಲ್ಲೂ ಇದಕ್ಕೆ ಆಧಾರವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿಭಾವಂತ ಮಕ್ಕಳ ಬಗ್ಗೆ ಪ್ರತ್ಯೇಕವಾಗಿ ಮಾತಾಡಿ, ಶಾಲೆ, ಶಾಲಾ ಸಂಕೀರ್ಣ, ಜಿಲ್ಲಾ ಮಟ್ಟಗಳಲ್ಲಿ ವಿಷಯವಾರು ಕೂಟಗಳಾಗಬೇಕೆಂದಿದೆ. ಇಂಥ ಮಕ್ಕಳಿಗೆ ಕಲಿಸುವ ಬಗೆಯನ್ನು ಬಿ.ಇಡಿ.ಯಲ್ಲೇ ವಿಶೇಷವಾಗಿ ಕಲಿಸಬಹುದು ಎಂದೂ ಹೇಳಿದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ, ನಮ್ಮ ದೇಶದ ಹಳ್ಳಿ ಪಟ್ಟಣಗಳಲ್ಲಿ ಅಂಥ ಮಕ್ಕಳನ್ನು ಗುರುತಿಸುವುದು ಹೇಗೆ ಎಂಬ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದೆ. ಕಾಗದಕ್ಕೂ ಊರಿನ ಶಾಲೆಯ ಕೋಣೆಗೂ ನಡುವಿನ ದಾರಿ ಮಾತ್ರ ಯಾವಾಗಲೂ ಉದ್ದ. ಎರಡು ತರಗತಿಯನ್ನು ಒಟ್ಟಿಗೆ ನೋಡುವ ಉಪಾಧ್ಯಾಯರು ಹಿಂದುಳಿದ ಮಗುವಿಗೆ ಮೊದಲು ಗಮನ ಕೊಟ್ಟರೆ ಅದು ನ್ಯಾಯವೇ. ಮುಂದೆ ಓಡುವ ಮಗುವಿಗೆ ಅವರು ಕೊಡಬಹುದಾದದ್ದು ಒಂದು ಕಠಿಣವಾದ ಪ್ರಶ್ನೆ, ಒಂದು ಪುಸ್ತಕ, ಮತ್ತು ಕಿಟಕಿಯ ಪಕ್ಕ ಕೂತು ಅದನ್ನು ಬಿಡಿಸುವ ಪರವಾನಗಿ. ಅದಕ್ಕೆ ಸಮಯವೂ ಬೇಡ, ಹಣವೂ ಬೇಡ.

ಊರಿನಲ್ಲೇ ಉಳಿಯುವ ಮಗುವಿಗೆ ಮುಂದಿನ ಮೂರು ವರ್ಷದಲ್ಲಿ ದಾರಿಗಳಿಲ್ಲವೆಂದೇನಿಲ್ಲ. ಆರನೇ ತರಗತಿಯಿಂದ ಇನ್‌ಸ್ಪೈರ್ ಪ್ರಶಸ್ತಿಗೆ ಶಾಲೆಯ ಮೂಲಕ ತನ್ನದೇ ಹೊಸ ಯೋಚನೆಯೊಂದನ್ನು ಕಳಿಸಬಹುದು. ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ಬರುತ್ತದೆ. ಅಂಗಡಿಯಿಂದ ಥರ್ಮೋಕೋಲಿನ ಮಾದರಿ ಕೊಂಡು ತರುವುದಲ್ಲ, ಯೋಚನೆ ಮಗುವಿನದೇ ಆಗಿರಬೇಕು. ಎಂಟನೇ ತರಗತಿಯಲ್ಲಿ ಎನ್.ಎಂ.ಎಂ.ಎಸ್. ಪರೀಕ್ಷೆ ಇದೆ. ಕುಟುಂಬದ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ಮೀರದ, ಸರ್ಕಾರಿ ಇಲ್ಲವೆ ಅನುದಾನಿತ ಶಾಲೆಯ ಮಕ್ಕಳು ತೇರ್ಗಡೆಯಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ನವೋದಯದಲ್ಲಿ ಸೀಟು ಖಾಲಿಯಿದ್ದರೆ ಒಂಬತ್ತನೇ ತರಗತಿಗೆ ಇನ್ನೊಂದು ಪರೀಕ್ಷೆಯೂ ನಡೆಯುತ್ತದೆ. ಹದಿಮೂರು ಹದಿನಾಲ್ಕರ ಪ್ರಾಯದಲ್ಲಿ ಮನೆ ಬಿಡುವುದು ಹತ್ತರಲ್ಲಿ ಬಿಡುವಷ್ಟು ಕಷ್ಟವಲ್ಲ. ಇವೆಲ್ಲಕ್ಕಿಂತ ಮಿಗಿಲಾಗಿ, ಮಗುವಿಗೆ ಗಣಿತದಲ್ಲೋ ವಿಜ್ಞಾನದಲ್ಲೋ ನಿಜವಾದ ಪ್ರೀತಿಯಿರುವ ಒಬ್ಬ ದೊಡ್ಡವರ ಪರಿಚಯವಾಗಬೇಕು. ಅವರು ನಿವೃತ್ತ ಮೇಷ್ಟ್ರಾಗಿರಬಹುದು, ಪಶುವೈದ್ಯರಾಗಿರಬಹುದು, ಗ್ರಂಥಾಲಯದ ಮೇಲ್ವಿಚಾರಕರಾಗಿರಬಹುದು. ಹುಡುಕಿದರೆ ಹತ್ತು ಕಿಲೋಮೀಟರಿನೊಳಗೆ ಒಬ್ಬರಾದರೂ ಇರುತ್ತಾರೆ.

ಸಹಕಾರ ಸಂಘದ ಗುಮಾಸ್ತರು ಕೊನೆಗೆ ಕೋಚಿಂಗಿಗೆ ಕಳಿಸಲಿಲ್ಲ. ಅದಕ್ಕಾಗಿ ತಾಯಿ ಅಡವಿಡಲು ತೆಗೆದಿಟ್ಟಿದ್ದ ಬಳೆ ಮತ್ತೆ ಟ್ರಂಕು ಸೇರಿತು. ಹಳೆಯ ಪ್ರಶ್ನೆಪತ್ರಿಕೆ ನಾಲ್ಕೈದು ತಂದು, ಭಾನುವಾರ ಗಡಿಯಾರ ಇಟ್ಟುಕೊಂಡು ಮಾಡಿಸಿದರು. ಮಗಳು ಪರೀಕ್ಷೆ ಬರೆದಳು. ಪಟ್ಟಿ ಬಂದಾಗ ಅದರಲ್ಲಿ ಅವಳ ಹೆಸರಿರಲಿಲ್ಲ. ತಂದೆ ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೇ ದಿನ ಊಟಕ್ಕೆ ಕೂತಾಗ ಅವಳೇ, "ನಂಗೆ ಗೊತ್ತು ಬಿಡಪ್ಪ, ಸಿಕ್ಕಿಲ್ಲ" ಎಂದು ಅನ್ನ ಕಲಸುತ್ತ ಹೇಳಿದಳು. ತಾಯಿ ಒಳಗೆ ಹೋಗಿ ಸ್ವಲ್ಪ ಹೊತ್ತು ಬರಲಿಲ್ಲ. ಕೋಚಿಂಗಿಗೆ ಕಳಿಸಿದ್ದರೆ ಸಿಗುತ್ತಿತ್ತೇನೋ ಎಂಬ ಮಾತು ಆ ಮನೆಯಲ್ಲಿ ಇನ್ನೂ ಪೂರ್ತಿ ನಿಂತಿಲ್ಲ. ನಿಲ್ಲುವುದೂ ಸುಲಭವಲ್ಲ.

ನಾಲ್ಕು ಕಿಲೋಮೀಟರ್ ದೂರದಲ್ಲಿ ಸರ್ಕಾರಿ ಪ್ರೌಢಶಾಲೆಯಿದೆ. ಅಲ್ಲಿಯ ಗಣಿತದ ಮೇಷ್ಟ್ರು ಸೊಸೈಟಿಗೆ ಯಾವುದೋ ಕೆಲಸಕ್ಕೆ ಬಂದಾಗ ತಂದೆ ಅಳುಕುತ್ತಲೇ ಮಗಳ ವಿಷಯ ಎತ್ತಿದರು. "ಶನಿವಾರ ಮಧ್ಯಾಹ್ನ ಕಳಿಸಿ ಕೊಡಿ, ನೋಡೋಣ" ಎಂದರು ಅವರು. ಇಲ್ಲಿ ಆ 'ನೋಡೋಣ' ನಿಜವಾಯಿತು. ಸೈಕಲ್ಲಿನ ಹಿಂದೆ ಕೂತು ಹೋದ ಹುಡುಗಿ ಮೊದಲ ದಿನವೇ ಕ್ಯಾಲೆಂಡರಿನ ಕಥೆ ಬಿಚ್ಚಿದಳು. ಅಷ್ಟರಲ್ಲಿ ಅವಳು ಇನ್ನೂ ಎರಡು ಜೋಡಿ ಹಿಡಿದಿದ್ದಳು: ಐದನೇ ತಿಂಗಳ ಒಂಬತ್ತು ಮತ್ತು ಒಂಬತ್ತನೇ ತಿಂಗಳ ಐದು, ಏಳನೇ ತಿಂಗಳ ಹನ್ನೊಂದು ಮತ್ತು ಹನ್ನೊಂದನೇ ತಿಂಗಳ ಏಳು. ಅವೂ ಅದೇ ವಾರ. ಮೇಷ್ಟ್ರು ಬೆರಳು ಮಡಚಿ ಎಣಿಸಿ ನೋಡಿ ತಲೆದೂಗಿದರು. ಆಮೇಲೆ ಕೇಳಿದರು:

"ಅಧಿಕ ವರ್ಷ ಬಂದ್ರೆ? ಫೆಬ್ರವರಿಗೆ ಒಂದು ದಿನ ಜಾಸ್ತಿ ಆಗುತ್ತಲ್ಲ, ನಿನ್ನ ಲೆಕ್ಕ ಕೆಡಲ್ವಾ?"

ಹುಡುಗಿ ಕಣ್ಣು ಮುಚ್ಚಿ ಒಂದು ಗಳಿಗೆ ನಿಂತಳು. "ಫೆಬ್ರವರಿ ಮೊದಲೇ ಮುಗಿದು ಹೋಗಿರುತ್ತಲ್ಲ ಸರ್. ನಂದು ಏಪ್ರಿಲ್‌ನಿಂದ ಶುರು."

"ಸರಿ. ಹಾಗಾದ್ರೆ ಈ ವರ್ಷದ ನಾಲ್ಕರ ನಾಲ್ಕು ಯಾವ ವಾರ ಅಂತ ಗೊತ್ತಿದ್ರೆ ಮುಂದಿನ ವರ್ಷದ್ದು ಹೇಳಕ್ಕಾಗುತ್ತಾ? ಹತ್ತು ವರ್ಷ ಹಿಂದಿನದ್ದು? ಮುಂದಿನ ಶನಿವಾರ ಹೇಳು."

ಮನೆಗೆ ಬಂದವಳು ಹಳೆಯ ಕ್ಯಾಲೆಂಡರ್‌ಗಳೆಲ್ಲ ಎಲ್ಲಿ ಎಂದು ತಾಯಿಯನ್ನು ಕೇಳಿದಳು. ಅವೆಲ್ಲ ಅಡುಗೆಮನೆಯ ಗೂಡುಗಳಲ್ಲಿ ಡಬ್ಬಿಗಳ ಕೆಳಗೆ ಹಾಸಿದ್ದವು. ಆ ರಾತ್ರಿ ಅಜ್ಜಿ ಗೊಣಗುತ್ತಲೇ ಸಾಸಿವೆ, ಮೆಂತ್ಯ, ಬೆಲ್ಲದ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿಕೊಟ್ಟರು.